ಮೂರು ನೀರು ತೊಳೆದ ಕೈಮ

ಭಾನುವಾರ, 23 ಜೂನ್ 2002, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಮಹಡಿಯ ಮೇಲಿದ್ದ ಮನೆಯೊಡತಿ ಮಾಮಿ ಪಾರಾಯಣಕ್ಕೆ ಹೊರಟರು. ಗೇಟಿನ ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ನಾನು ಅಡುಗೆಮನೆಯ ಕಿಟಕಿ ಮುಚ್ಚಿ, ಸಾಂಬ್ರಾಣಿ ಹಚ್ಚಿಟ್ಟು, ಅರೆಸಿ ತಂದ ಅರ್ಧ ಕಿಲೊ ಕೈಮ ಮಾಂಸದ ಪೊಟ್ಟಣ ಬಿಚ್ಚಿದೆ.

ವಡಪಳನಿಯ ಆ ಮನೆಯನ್ನು ಬಾಡಿಗೆಗೆ ಹಿಡಿದಾಗ ಮಾಮಿ ಕೇಳಿದ್ದು ಒಂದೇ ಮಾತು. ಮನೆಯಲ್ಲಿ ಮಾಂಸ ಬೇಯಿಸಬಾರದು. ಅವರದು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡದ ವೈಷ್ಣವ ಮನೆತನ. ಮಂಡ್ಯ ಕಡೆಯಿಂದ ಹೊಸದಾಗಿ ಬಂದ ನಮಗೆ ಕನ್ನಡದವರ ಮನೆ ಸಿಕ್ಕಿದ್ದೇ ದೊಡ್ಡದಾಗಿತ್ತು. ಅಪ್ಪ ತಲೆಯಾಡಿಸಿದರು. ಆಮೇಲೆ ತಿಂಗಳಿಗೆ ಒಂದೋ ಎರಡೋ ಭಾನುವಾರ, ಮಾಮಿ ಹೊರಗಿರುವ ಎರಡು ಗಂಟೆಯಲ್ಲಿ, ಅವ್ವ ಬೇಯಿಸಿ ಮುಗಿಸುತ್ತಿದ್ದಳು.

ಆ ವರ್ಷ ಬೇಯಿಸುವ ಕೆಲಸ ನನ್ನ ಪಾಲಿಗೆ ಬಂತು. ಅವ್ವನಿಗೆ ಕ್ಯಾನ್ಸರಿನ ಔಷಧಿ ಎರಡು ಸುತ್ತು ಆಗಿತ್ತು. ಮೂರನೆಯದು ಜುಲೈ 18ರ ಗುರುವಾರ. ಅಂದು ತೂಕ ನಲವತ್ತು ಕಿಲೊಗಿಂತ ಕಡಿಮೆ ಇದ್ದರೆ ಔಷಧಿ ಕೊಡುವುದಿಲ್ಲ, ದೇಹ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಪ್ರತಿ ಗುರುವಾರ ಆಸ್ಪತ್ರೆಯಲ್ಲಿ ತೂಕ ನೋಡುತ್ತಿದ್ದರು. ಜೂನ್ 20ರಂದು 41.8. ಗಿಂಡಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಎಂದು ಬರೆಯುವುದು ನನ್ನ ಕೆಲಸ. ಅದೇ ಅಭ್ಯಾಸದಲ್ಲಿ ಮನೆಯಲ್ಲೂ ಒಂದು ನೋಟ್ ಪುಸ್ತಕ ಇಟ್ಟಿದ್ದೆ.

ಇಡ್ಲಿ, ಗಂಜಿ, ಮೊಸರನ್ನ ಯಾವುದೂ ಅವ್ವನಿಗೆ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಅವಳು ತಾನಾಗಿ ಬಾಯಿ ಬಿಟ್ಟು ಕೇಳಿದ್ದು ಒಂದನ್ನೇ, ತರಕಾರಿ ಹಾಕಿದ ಕೈಮ ಉಂಡೆ ಸಾರು. ಮೆತ್ತಗಿರುತ್ತದೆ, ಅಗಿಯುವ ಕಷ್ಟವಿಲ್ಲ. ಡಾಕ್ಟರೂ ಒಳ್ಳೆಯದೆಂದರು. ಆದರೆ ಹಸಿ ಮಾಂಸದ ವಾಸನೆಗೆ ಅವಳಿಗೆ ವಾಂತಿ ಬರುತ್ತಿದ್ದುದರಿಂದ ಅಡುಗೆಮನೆಗೆ ಬರುವಂತಿರಲಿಲ್ಲ. ಒಳಕೋಣೆಯಲ್ಲಿ ಮಲಗಿಕೊಂಡೇ ಒಂದೊಂದಾಗಿ ಹೇಳಿದಳು, ನಾನು ಬರೆದುಕೊಂಡೆ. ಉಂಡೆಗೆ ಹುರಿಗಡಲೆ, ಕಾಯಿ, ಗಸಗಸೆ, ಚಕ್ಕೆ, ಲವಂಗ. ಸಾರಿಗೆ ನವಿಲುಕೋಸು, ಆಲೂಗಡ್ಡೆ, ಹುರುಳಿಕಾಯಿ. ಎಲ್ಲಕ್ಕಿಂತ ಮೊದಲನೆಯದನ್ನು ಎರಡು ಸಲ ಹೇಳಿದಳು.

"ತೊಳೀದೆ ಕೈ ಇಡಬ್ಯಾಡ ಕಣವ್ವ. ಅರಿಸಿನ ಹಾಕಿ ಮೂರು ನೀರು ತೊಳಿ."

ನಮ್ಮ ಕಡೆ ಯಾರ ಮನೆಯಲ್ಲೂ ಮಾಂಸವನ್ನು ತೊಳೆಯದೆ ಪಾತ್ರೆಗೆ ಹಾಕುವುದಿಲ್ಲ. ನಾನೂ ತೊಳೆದೆ. ಅದು ಲಾರಿ ನೀರಿನ ಕಾಲ, ಬೀದಿಯಲ್ಲಿ ಸಾಲು ನಿಂತು ತಂದ ಎರಡು ಕೊಡ ಅದಕ್ಕೇ ಖರ್ಚಾಯಿತು. ಉಂಡೆ ಕಟ್ಟಿದೆ. ಸಾರು ಕುದಿಯುವಾಗ ಒಂದೊಂದಾಗಿ ಬಿಟ್ಟೆ. ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದರೆ ಉಂಡೆಗಳು ಬಿಚ್ಚಿಕೊಂಡು, ಸಾರಿನ ತುಂಬ ಕೈಮ ಮರಳಿನಂತೆ ತಿರುಗುತ್ತಿತ್ತು.

ಅಂದಿನ ಸಾಲು ಹೀಗಿದೆ: ಹಾಕಿದ್ದು 14, ಒಡೆಯದೆ ಉಳಿದದ್ದು 3, ಅವ್ವ ತಿಂದದ್ದು ಅರ್ಧ. ಆ ಪುಡಿ ನಾಲಿಗೆಗೆ ಹತ್ತಿದರೆ ಅವಳಿಗೆ ಓಕರಿಕೆ. ಅರ್ಧಕ್ಕೆ ತಟ್ಟೆ ಸರಿಸಿ, ಚೆನ್ನಾಗದೆ ಕಣವ್ವ, ನಾಳೆ ತಿಂತೀನಿ ಎಂದಳು. ಆ ಮಾತನ್ನು ನಾನು ಬರೆದುಕೊಳ್ಳಲಿಲ್ಲ.

ಜೂನ್ 27, ತೂಕ 41.2.

ಜೂನ್ 30ರಂದು ಹುರಿಗಡಲೆ ಪುಡಿಯನ್ನು ಎರಡರಷ್ಟು ಹಾಕಿದೆ. ಹಾಕಿದ್ದು 14, ಉಳಿದದ್ದು 9. ಸಂತೋಷದಿಂದ ಓಡಿ ಬಡಿಸಿದೆ. ಕಲ್ಲಿನಂತಿದ್ದವು. ಔಷಧಿಯಿಂದ ಬಾಯೆಲ್ಲ ಹುಣ್ಣಾಗಿದ್ದ ಅವಳು ಒಂದನ್ನು ತುಂಬ ಹೊತ್ತು ದವಡೆಯಲ್ಲಿಟ್ಟುಕೊಂಡು, ನಾನು ಆಚೆ ತಿರುಗಿದಾಗ ಕೈಗೆ ಉಗಿದುಕೊಂಡಳು. ಅವ್ವ ತಿಂದದ್ದು: ಇಲ್ಲ. ಸಾರಿನಲ್ಲಿ ಕಲಸಿದ ಅನ್ನ ನಾಲ್ಕು ತುತ್ತು.

ಒಡೆದದ್ದು, ಗಟ್ಟಿಯಾದದ್ದು ಎಲ್ಲ ಅಪ್ಪನ ಪಾಲು. ರಾಯಪುರಂ ಕಡೆ ಬಂದರಿನಲ್ಲಿ ಗುಮಾಸ್ತರಾಗಿದ್ದ ಅವರು ಡಬ್ಬಿಗೆ ತುಂಬಿಕೊಂಡು ಹೋಗಿ ಎರಡು ದಿನ ಅದನ್ನೇ ತಿನ್ನುತ್ತಿದ್ದರು. "ಹಿಂಗೇ ಮಾಡ್ತಿರು, ಗುರುವಾರ ನಿಮ್ಮವ್ವನ ಬದ್ಲು ನನ್ನೇ ತೂಕಕ್ಕೆ ನಿಲ್ಲಿಸಾನ" ಎಂದರು. ಅವ್ವ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಎರಡು ಸಲ, ಇದು ಮೊದಲನೆಯದು.

ಜುಲೈ 4, ತೂಕ 40.6.

ಜುಲೈ 7ರ ಭಾನುವಾರ ಹುರಿಗಡಲೆಯನ್ನು ಮತ್ತೆ ಹಳೆಯ ಅಳತೆಗೆ ತಂದೆ. ಹೋದ ಸಲ ಹಸಿ ವಾಸನೆ ಉಳಿದಿತ್ತು ಎಂದು ಅವ್ವ ಹೇಳಿದ್ದರಿಂದ ಮೂರು ನೀರಿನ ಬದಲು ಐದು ನೀರು ತೊಳೆದೆ. ಹಾಕಿದ್ದು 16. ಉಳಿದದ್ದು 0. ಗ್ಯಾಸ್ ಆರಿಸಿ ನೆಲದ ಮೇಲೆ ಕೂತೆ. ವಾರಕ್ಕೆ ಆರು ನೂರು ಗ್ರಾಮಿನ ಲೆಕ್ಕದಲ್ಲಿ 18ನೆಯ ತಾರೀಕಿಗೆ ಎಷ್ಟು ಎಂದು ಪುಸ್ತಕದ ಅಂಚಿನಲ್ಲಿ ಕಳೆದೆ. 39.4. ಇನ್ನೊಂದು ಸಲ ಕಳೆದೆ, ಉತ್ತರ ಬೇರೆ ಬರಲಿಲ್ಲ.

ಅವ್ವನನ್ನು ಕೇಳಿದರೆ ಅದೇ ಮೂರು ನೀರಿನ ಮಾತನ್ನೇ ಹೇಳುತ್ತಿದ್ದಳು. ಊರಿನಲ್ಲಿ ಕೇಳಲು ಅಜ್ಜಿ ಇರಲಿಲ್ಲ. ಕಾರ್ಖಾನೆಯಲ್ಲಿ ಕೇಳಿದರೆ ಹೋಟೆಲಿನಿಂದ ತರಿಸು ಎಂದರು. ಒಮ್ಮೆ ತರಿಸಿದ್ದೆ, ಖಾರಕ್ಕೆ ಅವ್ವನ ಬಾಯಿ ಉರಿದು ನೀರೂ ಕುಡಿಯಲಾಗಿರಲಿಲ್ಲ. ಸಂಜೆ ಬಟ್ಟೆ ತೆಗೆಯಲು ತಾರಸಿಗೆ ಹೋದಾಗ ಮಾಮಿ ಅಲ್ಲಿ ವಡಾಮು ಸಂಡಿಗೆ ಒಣಹಾಕಿ ಕಾಯುತ್ತಿದ್ದರು. ಏನಮ್ಮಾ, ತಾಯಿ ಏನಾದರೂ ಸಾಪಿಟ್ಟರಾ, ತಿಂದರಾ ಎಂದು ವಿಚಾರಿಸಿದರು. ಸುಳ್ಳಾಗದಂತೆ ಮಾತು ಆಯ್ದುಕೊಂಡು, ಅವ್ವ ಉಂಡೆ ಸಾರು ಕೇಳುತ್ತಿದ್ದಾಳೆ, ನಾನು ಹಾಕಿದ ಉಂಡೆ ಕುದಿಯುವ ಸಾರಿನಲ್ಲಿ ಒಡೆದುಹೋಗುತ್ತಿದೆ ಎಂದೆ.

ಅವರ ಮನೆಯಲ್ಲೂ ಅಂಥದೊಂದಿದೆ, ಬೇಳೆ ರುಬ್ಬಿ ಉಂಡೆ ಕಟ್ಟಿ ಹುಳಿಯಲ್ಲಿ ಬೇಯಿಸುವುದು. ಮಾಮಿ ಉತ್ಸಾಹದಿಂದ ಶುರುಮಾಡಿದರು. ಮೊದಲು ಒಂದೇ ಉಂಡೆ ಬಿಡಬೇಕು, ಅದು ತೇಲಿದ ಮೇಲೆ ಇನ್ನೊಂದು, ಸೌಟು ಹಾಕಿ ತಿರುಗಿಸಲೇಬಾರದು. ನಾನು ಅದನ್ನೆಲ್ಲ ಮಾಡಿದ್ದೇನೆ ಎಂದೆ. ಹಾಗಾದರೆ ತಣ್ಣಿ ಜಾಸ್ತಿ ಆಗಿದೆ, ನೀರು ಎಲ್ಲಿಂದ ಸೇರುತ್ತಿದೆ ಎಂದು ಕೇಳಿದರು. ತೊಳೆದಾಗ ಸೇರಿರಬಹುದು, ಇವತ್ತು ಐದು ಸಲ ತೊಳೆದೆ ಎಂದುಬಿಟ್ಟೆ.

"ರುಬ್ಬೋಕೆ ಮುಂಚೇನಾ, ಆಮೇಲಾ?"

ನಾನು ಹಗ್ಗದಿಂದ ಇನ್ನೊಂದು ಬಟ್ಟೆ ಎಳೆದುಕೊಂಡೆ.

"ತೊಳೆದು ಆಮೇಲೆ ರುಬ್ಬಬೇಕಮ್ಮಾ. ರುಬ್ಬಿದ್ದನ್ನ ಯಾರಾದ್ರೂ ತೊಳೀತಾರಾ? ಹಿಡಿದುಕೊಳ್ಳೋ ಅಂಟೆಲ್ಲಾ ತಣ್ಣಿಯಲ್ಲೇ ಹೋಗತ್ತೆ."

ಆ ಕ್ಷಣದಲ್ಲಿ ಎಲ್ಲ ತಿಳಿಯಿತು. ಅವ್ವ ಯಾವತ್ತೂ ಅಂಗಡಿಯಿಂದ ಕೈಮ ತಂದವಳಲ್ಲ. ಮೂಳೆಯಿಲ್ಲದ ತುಂಡು ತಂದು, ಅರಿಸಿನ ಹಾಕಿ ತೊಳೆದು, ಬಟ್ಟೆಯಲ್ಲಿ ಒತ್ತಿ, ಆಮೇಲೆ ಒರಳಿನಲ್ಲಿ ತಾನೇ ರುಬ್ಬುತ್ತಿದ್ದಳು. ಅವಳ ಮೂರು ನೀರು ತುಂಡಿಗೆ ಸೇರಿದ್ದು. ನಾನು ಯಂತ್ರದಲ್ಲಿ ಅರೆಸಿಕೊಂಡು ಬಂದು, ಅರೆದದ್ದನ್ನು ಜರಡಿಯಲ್ಲಿ ಸುರಿದು ತೊಳೆಯುತ್ತಿದ್ದೆ. ಮಲಗಿದಲ್ಲಿಂದ ಹೇಳುವ ಅವಳಿಗೆ ಅದು ಕಾಣಲಿಲ್ಲ, ಬರೆದುಕೊಳ್ಳುವ ನನಗೆ ಕೇಳಬೇಕೆಂದು ತೋಚಲಿಲ್ಲ. ಮೂರು ಭಾನುವಾರ ಹೋದವು.

ಮಾಮಿ ವಡಾಮು ತಿರುವಿಹಾಕುತ್ತ, ನನ್ನ ಮುಖ ನೋಡದೆ ಹೇಳಿದರು.

"ಬೇಳೆಯೋ ಬೇರೆ ಏನೋ, ನಾನು ಕೇಳಲ್ಲ. ಭಾನುವಾರ ಮಾತ್ರ ಅಷ್ಟು ಸಾಂಬ್ರಾಣಿ ಯಾಕೆ ಅಂತ ಎರಡು ವರ್ಷದಿಂದ ಕೇಳಿದೀನಾ? ಮುಂದಿನ ವಾರ ನಾನು ಹನ್ನೆರಡರ ಮೇಲೇ ಬರೋದು. ಅವಸರ ಪಡಬೇಡ."

ಜುಲೈ 11, ತೂಕ 40.1.

ಜುಲೈ 14. ತುಂಡು ಮಾಂಸ ತಂದೆ. ಮೂರು ನೀರು ತೊಳೆದು, ಅಪ್ಪನ ಹಳೆಯ ಪಂಚೆಯಲ್ಲಿ ಸುತ್ತಿ, ಮೇಲೆ ತುಂಬಿದ ಕೊಡವನ್ನು ಮುಕ್ಕಾಲು ಗಂಟೆ ಇಟ್ಟೆ. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಅರೆದೆ. ತರಕಾರಿ ಬೆಂದ ಮೇಲೆ ಒಂದು ಉಂಡೆ ಬಿಟ್ಟು, ಗಡಿಯಾರ ನೋಡುತ್ತ ನಿಂತೆ. ನಾಲ್ಕು ನಿಮಿಷಕ್ಕೆ ಅದು ಇಡಿಯಾಗಿ ಮೇಲೆ ಬಂತು. ಹಾಕಿದ್ದು 12, ಉಳಿದದ್ದು 12. ಸಾಂಬ್ರಾಣಿ ಹಚ್ಚಲು ಮರೆತಿದ್ದೆ.

ಅವ್ವ ಬೆರಳಿನಿಂದ ಮುರಿದು ಮುರಿದು ತಿಂದಳು. ಎರಡೂವರೆ ಉಂಡೆ, ಎರಡು ತುಂಡು ನವಿಲುಕೋಸು, ಒಂದು ಹಿಡಿ ಅನ್ನ. ಎರಡನೆಯ ಸಲ ನಕ್ಕದ್ದು ಆಗ.

"ಎಲ್ಲಾ ಸರಿಯಾಗದೆ ಕಣವ್ವ. ನಮ್ಮವ್ವ ಉಂಡೆಗೆ ಒಂದು ಸೊಪ್ಪು ಅರೆದು ಹಾಕೋಳು. ಅದೊಂದಿಲ್ಲ."

ಹೆಸರು ಅವಳಿಗೆ ನೆನಪಿರಲಿಲ್ಲ. ಹದಿನಾರಕ್ಕೆ ಮದುವೆಯಾಗಿ ಬಂದವಳು. ಕೆರೆ ಏರಿಯ ಕೆಳಗೆ ಬೆಳೆಯುತ್ತಿತ್ತು, ಎಲೆ ಕಿರುಬೆರಳ ಉಗುರಿನಷ್ಟು, ಕಿತ್ತರೆ ಬೆರಳು ನೇರಳೆಯಾಗುತ್ತಿತ್ತು, ಸ್ವಲ್ಪ ಹುಳಿ, ಇಷ್ಟೇ ಅವಳು ಹೇಳಿದ್ದು. ಉಳಿದ ಉಂಡೆಗಳನ್ನು ಮೂರು ದಿನ ಬಿಸಿಮಾಡಿ ಕೊಟ್ಟೆ, ದಿನಕ್ಕೆ ಎರಡರಂತೆ. ಬೇಡ ಎನ್ನಲಿಲ್ಲ.

ಜುಲೈ 18, ತೂಕ 40.1. ಏರಲಿಲ್ಲ, ಇಳಿಯಲೂ ಇಲ್ಲ. ನರ್ಸು ಸೂಜಿ ಸಿದ್ಧಮಾಡುವುದನ್ನು ನೋಡಿ ಅಪ್ಪ ಹೊರಗಿನ ಬೆಂಚಿಗೆ ಹೋಗಿ ಕುಳಿತರು. ಮೂರನೆಯ ಸುತ್ತು ಆಯಿತು, ನಾಲ್ಕನೆಯದೂ ಆಯಿತು. ಐದನೆಯದಕ್ಕೆ ತೂಕ ಸಾಲಲಿಲ್ಲ. ಅವ್ವ ಮುಂದಿನ ಯುಗಾದಿ ನೋಡಲಿಲ್ಲ.

ಆ ತಿಂಗಳುಗಳಲ್ಲಿ ಉಂಡೆಗೆ ಆರು ಸೊಪ್ಪು ಅರೆದು ನೋಡಿದ್ದೆ. ಪುದೀನ, ಸಬ್ಬಸಿಗೆ, ಮೆಂತ್ಯ, ಪುಂಡಿ, ಚಕ್ಕೋತ, ಹೊನಗೊನೆ. ಪ್ರತಿಯೊಂದರ ಮುಂದೆಯೂ 'ಅಲ್ಲ' ಎಂದು ಬರೆದಿದೆ, ಕೊನೆಯೆರಡು ಅವ್ವನ ಕೈಬರಹದಲ್ಲಿ. ಏಳನೆಯ ಸಾಲು ಖಾಲಿ ಇದೆ. ಮಂಡ್ಯ, ಮದ್ದೂರು ಕಡೆಯ ಓದುಗರಲ್ಲಿ ಯಾರಿಗಾದರೂ, ಬೆರಳಿಗೆ ನೇರಳೆ ಬಣ್ಣ ಹತ್ತಿಸುವ ಆ ಸೊಪ್ಪು ಯಾವುದೆಂದು ಗೊತ್ತಿದ್ದರೆ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಹೆಸರು ತಿಳಿಯದಿದ್ದರೆ ಒಂದು ಎಲೆಯನ್ನು ಒಣಗಿಸಿ ಲಕೋಟೆಯಲ್ಲಿಟ್ಟು ಕಳಿಸಿದರೂ ಸಾಕು.