ಬಗ್ಗದೆ ಬೆಳೆಯುವ ಸೊಪ್ಪು

ನಮ್ಮಕ್ಕ ಪೈಪಿನ ತೂತಿನಿಂದ ಒಂದು ಪಾಲಕ್ ಗಿಡವನ್ನು ಬೇರುಸಹಿತ ಮೇಲೆತ್ತಿದಳು. ಬೆಳ್ಳಗೆ ಇಳಿಬಿದ್ದಿದ್ದ ಬೇರನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಪಕ್ಕದಲ್ಲಿ ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

ಮದುವೆಯಾದಾಗಿನಿಂದ ಭೀಮನಬೀಡಿನ ಹೊಲದಲ್ಲಿ ಗೇಯ್ದವಳು ಅಕ್ಕ. ಚಾಮರಾಜನಗರದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ತನ್ನ ತಮ್ಮ ಮಣ್ಣೇ ಇಲ್ಲದೆ ಸೊಪ್ಪು ಬೆಳೆದಿದ್ದಾನೆ ಅಂದರೆ ಒಪ್ಪುತ್ತಾಳಾ?

"ಇದ್ರಲ್ಲಿ ಕಳೆ ಬರಾಕಿಲ್ವೇನ್ಲಾ?" ಅಂದಳು.

"ಇಲ್ಲ ಕಣಕ್ಕ. ಮಣ್ಣೇ ಇಲ್ವಲ್ಲ."

"ಬಗ್ಗಂಗೂ ಇಲ್ಲ?"

"ಇಲ್ಲ. ನಿಂತ್ಕಂಡೇ ಕೀಳಬೋದು."

ಅಕ್ಕ ಗಿಡವನ್ನು ಮೆಲ್ಲಗೆ ತೂತಿಗೆ ಇಳಿಸಿದಳು. ಆಮೇಲೆ ಸೊಂಟದೆತ್ತರಕ್ಕಿದ್ದ ಆ ಪೈಪನ್ನು ಎತ್ತಿನ ಬೆನ್ನು ಸವರಿದ ಹಾಗೆ ಸವರಿದಳು.

ನನ್ನ ತೋಟ ದೊಡ್ಡದೇನಲ್ಲ. ಮೂರು ಉದ್ದನೆಯ ಪೈಪು, ತೂತಿಗೊಂದು ಪುಟ್ಟ ಬುಟ್ಟಿ, ಬುಟ್ಟಿಯೊಳಗೆ ತೆಂಗಿನ ನಾರು. ಕೆಳಗೊಂದು ಬಕೆಟ್‌ನಲ್ಲಿ ಗೊಬ್ಬರ ಕರಗಿಸಿದ ನೀರು. ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಮೋಟರು ಆ ನೀರನ್ನು ಸುತ್ತಿಸುತ್ತಲೇ ಇರುತ್ತದೆ. (ಕೆಳಗಿನ ಮನೆಯ ಓನರ್ ಆಗಾಗ ತಮ್ಮ ಸೀಲಿಂಗ್ ದಿಟ್ಟಿಸಿ ನೋಡುತ್ತಾರೆ. ಇನ್ನೂ ಸೋರಿಲ್ಲ.) ನನಗದು ಹವ್ಯಾಸ. ಸಾರಿಗೆ ಒಂದಿಷ್ಟು ಸೊಪ್ಪು, ಸ್ಟೇಟಸ್‌ಗೆ ನಾಲ್ಕು ಫೋಟೊ, ಅಷ್ಟೇ.

ಅಕ್ಕ ಬಂದಿದ್ದು ಮಂಡಿ ನೋವಿಗೆ ಚಿಕಿತ್ಸೆ ಅಂತ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಇನ್ನು ಕುಕ್ಕರಗಾಲಲ್ಲಿ ಕೂರಲೇಬೇಡಿ. ಕೂತರೆ ಆಮೇಲೆ ನಡೆಯೋದೂ ಕಷ್ಟ" ಅಂದಿದ್ದರು.

ಹೇಳುವುದು ಸುಲಭ. ಕೂರದೆ ಕಳೆ ಕೀಳುವುದು ಹೇಗೆ?

ನಮ್ಮ ಕಡೆ ಉಳುವುದು ಗಂಡಸರ ಕೆಲಸ, ಕಳೆ ಹೆಂಗಸರ ಕೆಲಸ. ಯಾರು ಹಂಚಿಕೊಟ್ಟರೋ ಗೊತ್ತಿಲ್ಲ. ಉಳುವವನಿಗೆ ಟ್ರ್ಯಾಕ್ಟರ್ ಬಂತು. ಕಳೆ ಕೀಳುವವಳಿಗೆ ಇವತ್ತಿಗೂ ಅವೇ ಎರಡು ಮಂಡಿ.

ಅಕ್ಕ ಗೋಡೆ ಹಿಡಿದುಕೊಂಡು ಅಡ್ಡಡ್ಡವಾಗಿ ಮೆಟ್ಟಿಲು ಇಳಿಯುವುದನ್ನು ನೋಡಿದಾಗಲೆಲ್ಲ ನನಗೆ ಭಯವಾಗುತ್ತಿತ್ತು. ಊರಿಗೆ ಹೋದರೆ ಮತ್ತೆ ಅರಿಶಿನದ ಸಾಲಿನಲ್ಲಿ ಕೂರುತ್ತಾಳೆ. ಕೂತರೆ ಮುಗಿಯಿತು.

ಭಾನುವಾರ ಭಾವ ಬಂದರು, ಅಕ್ಕನನ್ನು ಕರೆದುಕೊಂಡು ಹೋಗಲು. ಕೆಟ್ಟವರಲ್ಲ. ಹೆಂಡತಿಯ ಮಂಡಿಗೆ ಹಚ್ಚಲೆಂದು ಎಣ್ಣೆ ಕಾಯಿಸಿ ಬಾಟಲಿಯಲ್ಲಿ ತಂದಿದ್ದರು.

"ಅರಿಶಿನದಲ್ಲಿ ಕಳೆ ಮೇಲೆದ್ದದ ಕಣಮ್ಮಿ. ಆಳು ಸಿಕ್ತಿಲ್ಲ. ಹೊರಡು, ಹೋಗನ."

ಅಕ್ಕ ಅವರನ್ನು ಬಾಲ್ಕನಿಗೆ ಕರೆದೊಯ್ದಳು. "ಇಂಥದ್ದ ನಮ್ ಹಿತ್ಲಲ್ಲಿ ಹಾಕ್ಸಿ. ನಿಂತ್ಕಂಡೇ ಸೊಪ್ಪು ಬೆಳಿತೀನಿ. ಗುಂಡ್ಲುಪೇಟೆ ಸಂತೆಗೆ ಕಳ್ಸನ."

ಭಾವ ನಕ್ಕುಬಿಟ್ಟರು. "ಭೂಮಿ ಇಟ್ಕಂಡು ಪೈಪ್‌ನಲ್ಲಿ ಬೆಳೆದ್ರೆ ಊರೋರು ನಗಾಕಿಲ್ವಾ?"

"ನಗೋರ್ನೇ ಕರ್ಕಂಡೋಗಿ ಕಳೆ ಕೀಳ್ಸಿ." ಅಕ್ಕ ದನಿ ಏರಿಸಲಿಲ್ಲ. "ನಾನು ಬರಾಕಿಲ್ಲ."

ಅರಿಶಿನ ಬೆಳೆಯೋಕೆ ಈ ಪೈಪು ಸಾಲುವುದಿಲ್ಲ, ಕರೆಂಟು ಕೈಕೊಟ್ಟರೆ ಗಿಡ ಬಾಡುತ್ತದೆ ಎಂದೆಲ್ಲ ನಾನು ನಡುವೆ ಬಾಯಿ ಹಾಕಿದೆ. (ಎರಡೂ ಕಡೆ ಮಾತಾಡುವುದು ನನ್ನಂಥ ಅಂಕಣ ಬರೆಯುವವರ ಚಟ.) ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಣ್ಣು ಮುಟ್ಟದ ಬೆಳೆ ಬೆಳೆಯೇ ಅಲ್ಲ ಎಂಬ ಭಾಷಣಗಳನ್ನು ನಾನೂ ಕೇಳಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ. ಹೇಳಿದವರೂ ಕೇಳಿದವರೂ ಕುರ್ಚಿಯ ಮೇಲೆ ಆರಾಮಾಗಿ ಕೂತಿದ್ದೆವು. ಅಕ್ಕನಿಗೆ ಮಣ್ಣಿನ ಮೇಲೆ ಸಿಟ್ಟೇನಿಲ್ಲ. ಅವಳಿಗೆ ಬಗ್ಗಿ ಬಗ್ಗಿ ಸಾಕಾಗಿದೆ. ಅದನ್ನು ಅವಳು ಅಷ್ಟು ಸ್ಪಷ್ಟವಾಗಿ ಹೇಳಿದ್ದು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು.

ಭಾವ ಕಾಫಿ ಕುಡಿದು, ಸಪ್ಪೆ ಮುಖ ಮಾಡಿಕೊಂಡು ಒಬ್ಬರೇ ಬಸ್ಸಿಗೆ ಹೊರಟರು. ಅಕ್ಕ ಬಾಲ್ಕನಿಯಲ್ಲಿ ನಿಂತು ಅವರು ತಿರುವು ದಾಟುವ ತನಕ ನೋಡಿದಳು. ಆಮೇಲೆ ಸಾರಿಗೆ ದಂಟು ಕಿತ್ತಳು, ನಿಂತುಕೊಂಡೇ.

ಮಂಗಳವಾರ ಸಂಜೆ ಭಾವನ ಫೋನು. ಬೇರೆ ದಾರಿ ಕಾಣದೆ ಬೆಳಿಗ್ಗೆ ತಾವೇ ಸಾಲಿನಲ್ಲಿ ಕೂತರಂತೆ. ಊಟದ ಹೊತ್ತಿಗೆ ಎದ್ದು ನಿಲ್ಲಲು ಆಗಲಿಲ್ಲವಂತೆ. ಪಕ್ಕದ ಹೊಲದವರು ಬಂದು ರಟ್ಟೆ ಹಿಡಿದು ಎಬ್ಬಿಸಿದರಂತೆ.

"ಆ ಪೈಪು ಎಲ್ ಸಿಕ್ತದ್ಲಾ?" ಅಂದರು. "ಈ ವಾರವೇ ಹಾಕ್ಸ್‌ಬುಡನ. ಅರಿಶಿನದ ಕಳೆಗೆ ಬೇರೆ ಊರಿಂದಾದ್ರೂ ಆಳು ಹುಡುಕ್ತೀನಿ. ನಿಮ್ಮಕ್ಕಂಗೆ ಹೇಳ್ಬುಡು, ಇನ್ ಹೊಲದಲ್ಲಿ ಕೂರದು ಬ್ಯಾಡ."

ಅಂಗಡಿ ಎಲ್ಲಿದೆ ಅಂತ ಹೇಳಿದೆ. ನಾಲಿಗೆ ತುದಿಗೆ ಬಂದ ಒಂದು ಪ್ರಶ್ನೆಯನ್ನು ಮಾತ್ರ ನುಂಗಿಕೊಂಡೆ. ಭಾವನಲ್ಲವೇ, ಮರ್ಯಾದೆ. ನಿಮ್ಮನ್ನಾದರೂ ಕೇಳುತ್ತೇನೆ.

ತಾನು ಬಗ್ಗಿದ ಅರ್ಧ ದಿನಕ್ಕೇ ಹೊಳೆದದ್ದು, ಇಷ್ಟು ವರ್ಷ ಹೆಂಡತಿ ಬಗ್ಗಿದಾಗ ಯಾಕೆ ಹೊಳೆಯಲಿಲ್ಲ?