ಅತ್ತೆಯ ಕಣ್ಣಂದಾಜು

ನನ್ನ ಅತ್ತೆ ಬಸುರಿಯ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳಿಬಿಡುತ್ತಿದ್ದರು. ಧಾರವಾಡದಲ್ಲಿ ಅವರಿಗೆ ಇದರಲ್ಲಿ ದೊಡ್ಡ ಹೆಸರು. ಸರಿಯಾದದ್ದನ್ನು ಊರು ನೆನಪಿಟ್ಟುಕೊಳ್ಳುತ್ತಿತ್ತು, ತಪ್ಪಿದ್ದನ್ನು ಅತ್ತೆಯೇ ಮರೆತುಬಿಡುತ್ತಿದ್ದರು ಎಂದು ನನ್ನ ಗುಮಾನಿ. ನನ್ನ ಎರಡನೆಯ ಹೆರಿಗೆಗೆಂದು ಕಲ್ಕತ್ತೆಯ ಬಾಲಿಗಂಜಿನ ನಮ್ಮ ಫ್ಲ್ಯಾಟಿಗೆ ಬಂದವರು, ಚಪ್ಪಲಿ ಬಿಡುವ ಮೊದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ಸಲ ಗಂಡು. ಬರದಿಟ್ಕೋ" ಎಂದರು. ನಾನು ಸ್ಕ್ಯಾನಿಂಗಿಗೆ ಹೋಗುತ್ತಿದ್ದ ಕಡೆ ‘ಇಲ್ಲಿ ಲಿಂಗಪತ್ತೆ ಮಾಡುವುದಿಲ್ಲ’ ಎಂದು ಬಂಗಾಳಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬೋರ್ಡು ಹಾಕಿದ್ದರು. ಅತ್ತೆಗೆ ಯಾವ ಭಾಷೆಯ ಬೋರ್ಡೂ ತಾಗುತ್ತಿರಲಿಲ್ಲ.

ಮೊದಲನೆಯದಕ್ಕೂ ಅವರು ಗಂಡೆಂದೇ ಹೇಳಿದ್ದರು. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಬಾಗಿಲ ಹೊರಗೆ ನಿಂತು ಊರಿಗೆ ಫೋನಿನಲ್ಲಿ ಹೇಳಿದ್ದು ನನಗೆ ಮಲಗಿದ್ದಲ್ಲಿಗೇ ಕೇಳಿಸಿತ್ತು: "ಹೆಣ್ಣು. ಇರ್ಲಿ ಬಿಡು." ಅತ್ತೆ ಕೆಟ್ಟವರಲ್ಲ. ಆ ಕೂಸಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಲೋಬಾನ ಹಿಡಿದು ಬೆಳೆಸಿದವರು ಅವರೇ. ಆದರೂ ಆ ‘ಇರ್ಲಿ ಬಿಡು’ ನನ್ನೊಳಗೆ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಈಗ ಮಗಳಿಗೆ ಆರು ವರ್ಷ. ಕಲ್ಕತ್ತೆಯಲ್ಲೇ ಬೆಳೆದವಳು, ಕನ್ನಡ ಮಾತಾಡುವುದು ಅಷ್ಟಕ್ಕಷ್ಟೆ, ಅರ್ಥ ಮಾತ್ರ ಎಲ್ಲವೂ ಆಗುತ್ತಿತ್ತು. ಎರಡನೆಯದೂ ಹೆಣ್ಣಾದರೆ ಆ ಮಾತು ಅವಳ ಕಿವಿಗೂ ಬೀಳುತ್ತದಲ್ಲ ಎನ್ನುವುದೇ ನನ್ನ ಭಯ.

ಅದು ಆನ್‌ಸೈಟ್ ಜ್ವರದ ಕಾಲ, ಎಲ್ಲರಿಗೂ ಕಂಪನಿಯ ಕೆಲಸದ ಮೇಲೆ ವಿದೇಶಕ್ಕೆ ಹೋಗುವ ಹುಚ್ಚು. ಸೆಕ್ಟರ್ ಫೈವಿನ ನಮ್ಮ ಆಫೀಸಿನಲ್ಲಿ ಯಾರಾದರೊಬ್ಬರು ಸಂದೇಶ್ ಮಿಠಾಯಿ ಹಂಚಿ ವಿಮಾನ ಹತ್ತುತ್ತಲೇ ಇದ್ದರು. ಹಾಗೆ ಹೊರಟ ಸಹೋದ್ಯೋಗಿಯೊಬ್ಬಳು ತಾನು ಸಾಕಿದ್ದ ಎರಡು ಡೇಗುಗಳನ್ನು ಪಂಜರದ ಸಮೇತ ನನ್ನ ಮಗಳಿಗೆ ಕೊಟ್ಟುಹೋದಳು. ಡೇಗು ಎಂದರೆ ದಕ್ಷಿಣ ಅಮೆರಿಕದ ಕಡೆಯ ಪ್ರಾಣಿ. ಇಲಿಗಿಂತ ದೊಡ್ಡದು, ಬಾಲದ ತುದಿಗೆ ಕಪ್ಪು ಕುಚ್ಚು, ಹಲ್ಲು ಮಾತ್ರ ಕಿತ್ತಳೆ ಬಣ್ಣ. "ಅಡಿಕಿ ಹಾಕ್ತಾವೇನ ಇವು?" ಎಂದರು ಅತ್ತೆ. ಎರಡೂ ಗಂಡು ಎಂದು ಮಾರಿದವನು ಹೇಳಿದ್ದನಂತೆ. ಅವು ಕಂಬಿ ಹಿಡಿದು ನೆಟ್ಟಗೆ ನಿಂತಾಗ ಅತ್ತೆ ಬಗ್ಗಿ ನೋಡಿ ಮೊಹರು ಒತ್ತಿದರು: "ಗಂಡೇ. ಕಾಣಸ್ತದಲ್ಲಾ, ಕೇಳೋದೇನದ?" ಮಗಳು ಎರಡಕ್ಕೂ ಭಯ್ಯಾ ಎಂದೇ ಕರೆಯತೊಡಗಿದಳು.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಪಂಜರದ ತಳಕ್ಕೆ ಹಾಸಿದ್ದ ಪೇಪರಿನ ಮೇಲೆ ಕೆಂಪು ಕಲೆಗಳು. ತುಂಬು ಬಸುರಿ ಕೆಂಪು ಕಲೆ ನೋಡುವುದು ಬೇರೆಯವರು ನೋಡಿದಂತಲ್ಲ. ನಮ್ಮ ಓಣಿಯ ನಾಯಿ ಬೆಕ್ಕಿನ ಡಾಕ್ಟರು ಇಂಥ ಪ್ರಾಣಿಯ ಹೆಸರನ್ನೇ ಕೇಳಿರಲಿಲ್ಲ. ಸಹೋದ್ಯೋಗಿಗೆ ಇಮೇಲ್ ಕಳಿಸಿದೆ.

ಸಂಜೆ ಉತ್ತರ ಬಂತು, ಮನೆಯವರೆಲ್ಲರ ಮುಂದೆ ಕನ್ನಡ ಮಾಡಿ ಓದಿದೆ. ಡೇಗುವಿನ ಉಚ್ಚೆ ಹಳದಿ ಇರಬಹುದು, ಕಿತ್ತಳೆ ಇರಬಹುದು, ಕೆಲವೊಮ್ಮೆ ಸುಣ್ಣದ ನೀರಿನ ಹಾಗೆ ಬೆಳ್ಳಗೂ ಇರಬಹುದು, ಬಣ್ಣದ ತರಕಾರಿ ತಿಂದರೆ ಕೆಂಪಾಗುತ್ತದೆ. ಹೊಯ್ಯುವಾಗ ತಿಣುಕಿದರೆ, ನೋವಿಗೆ ಕಿರುಚಿದರೆ, ನಿಜವಾದ ರಕ್ತ ಕಂಡರೆ ಡಾಕ್ಟರಿಗೆ ತೋರಿಸದೆ ಬಿಡಬೇಡಿ. ಅಂಟಾಗಿ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಇರಬಹುದು. ಬೀಟ್‌ರೂಟ್ ಏನಾದರೂ ಹಾಕಿದಿರಾ? ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಪಲ್ಯಕ್ಕೆ ಹೆಚ್ಚುವಾಗ ಸಿಪ್ಪೆ, ಹೋಳು ಎಲ್ಲ ಪಂಜರಕ್ಕೆ ಹೋಗುತ್ತಿತ್ತು. ಬೀಟ್‌ರೂಟಿನ ಸಿಹಿ ಅವಕ್ಕೆ ಆಗುವುದಿಲ್ಲವೆಂದು ಅಂದೇ ನಿಲ್ಲಿಸಿದೆವು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕೊನೆಯಲ್ಲಿ ಅವಳು ಇನ್ನೊಂದು ಮಾತು ಬರೆದಿದ್ದಳು. ‘ಎರಡೂ ಗಂಡೇ ಎಂದು ನಾನು ಪರೀಕ್ಷೆ ಮಾಡಿರಲಿಲ್ಲ. ಡೇಗುವಿನಲ್ಲಿ ಹೆಣ್ಣಿಗೂ ಉಚ್ಚೆಯ ಜಾಗದಲ್ಲಿ ಸಣ್ಣ ಮೊನೆ ಇರುತ್ತದೆ, ಅದನ್ನು ನೋಡಿ ಎಲ್ಲರೂ ಮೋಸ ಹೋಗುತ್ತಾರೆ. ಮೊನೆಗೂ ಗುದಕ್ಕೂ ನಡುವಿನ ಜಾಗ ನೋಡಿ. ಗಂಡಿಗೆ ಎದ್ದು ಕಾಣುವಷ್ಟು ಅಂತರ ಇರುತ್ತದೆ, ಹೆಣ್ಣಿಗೆ ಎರಡೂ ಹತ್ತಿಕೊಂಡಂತೆ ಇರುತ್ತವೆ.’

ಬಾಲ ಹಿಡಿದರೆ ಚರ್ಮವೇ ಕಿತ್ತುಬರುತ್ತದೆಂದು ನನ್ನ ಗಂಡ ಟವೆಲ್ಲಿನಲ್ಲಿ ಒಂದೊಂದನ್ನೇ ಮೆತ್ತಗೆ ಎತ್ತಿ ಹಿಡಿದರು. ಒಂದಕ್ಕೆ ಅಂತರ ಇತ್ತು. ದಪ್ಪಗಾಗಿದ್ದ ಇನ್ನೊಂದಕ್ಕೆ ಇರಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, "ಬೀಟ್‌ರೂಟ್ ತಿಂದು ಉಬ್ಬೇದ, ಅದಕ್ಕ ಹಂಗ ಕಾಣಸ್ತದ" ಎಂದು ಒಳಗೆ ಹೋದರು.

ಅದೇ ವಾರ ಆ ಭಯ್ಯಾ ಮರಿ ಹಾಕಿತು. ಇಲಿಮರಿಯಂತೆ ಬೆತ್ತಲೆ ಮುದ್ದೆಗಳಲ್ಲ, ಮೈತುಂಬ ರೋಮ, ಕಣ್ಣು ಆಗಲೇ ಪಿಳಿಪಿಳಿ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮಗಳು ಕುಣಿದಾಡಿದಳು. ಆಮೇಲೆ ಹುರುಳಿಕಾಯಿ ಮುರಿಯುತ್ತಿದ್ದ ಅಜ್ಜಿಯ ಎದುರು ಹೋಗಿ ಕೂತಳು.

"ಅಜ್ಜಿ, ನೀನು ಬಾಯ್ ಅಂದಿದ್ದೆ. ಗಲತ್ ಆಯ್ತಲ್ಲ."

"ಹೂಂ, ಆತು."

"ಮಮ್ಮಿಯ ಬೇಬಿ ಭೀ ಗರ್ಲ್ ಆದ್ರೆ ನೀನು ಸ್ಯಾಡ್ ಆಗ್ತೀಯಾ?"

"ಯಾರು ಹೇಳಿದ್ರ ನಿನಗ?"

"ಯಾರೂ ಇಲ್ಲ. ಫೋನಲ್ಲಿ ನೀನೇ ಎಲ್ಲರಿಗೂ ಈ ಸಲ ಗಂಡು, ಈ ಸಲ ಗಂಡು ಅಂತೀಯಲ್ಲ. ನಾನು ಬಂದಾಗ ಸ್ಯಾಡ್ ಆಗಿದ್ದೆಯಾ?"

ಅಡುಗೆಮನೆಯಲ್ಲಿದ್ದ ನಾನು ನಲ್ಲಿ ನಿಲ್ಲಿಸಿ ಬಾಗಿಲಿಗೆ ಬಂದೆ. ಅತ್ತೆ ಕಾಯಿ ಮುರಿಯುವುದನ್ನು ನಿಲ್ಲಿಸಿದ್ದರು. ಮೊಮ್ಮಗಳ ಕೈ ಹಿಡಿದು ಎದ್ದು ಪಂಜರದ ಹತ್ತಿರ ಕರೆದುಕೊಂಡು ಹೋಗಿ, "ನೋಡಲ್ಲೆ, ಕಣ್ಣು ತಕ್ಕೊಂಡ ಹುಟ್ಯಾವ. ಭಾಳ ಶಾಣ್ಯಾ ಅವ" ಎಂದರು. ಆ ಮೇಲೆ ಊರಿನ ಫೋನಿನಲ್ಲಿ ‘ಈ ಸಲ’ ಎನ್ನುವುದು ಕೇಳಲಿಲ್ಲ. ಆದರೂ ನನಗೆ ಧೈರ್ಯ ಬಂದಿರಲಿಲ್ಲ.

ಹೆರಿಗೆಯಾಯಿತು. ಹೆಣ್ಣು. ಅತ್ತೆ ಕೂಸನ್ನು ನೋಡಿ, ನನ್ನ ಹಣೆ ಸವರಿ, ಫೋನು ಹಿಡಿದು ಹೊರಗೆ ಹೋದರು. ಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳನ್ನು ಹತ್ತಿರ ಕರೆದು ಏನಾದರೂ ಮಾತಾಡಿಸಿ, ಅವಳಿಗೆ ಆ ‘ಇರ್ಲಿ ಬಿಡು’ ಕೇಳದ ಹಾಗೆ ಮಾಡೋಣ ಎನ್ನುವಷ್ಟರಲ್ಲಿ ಫೋನು ಹತ್ತಿಬಿಟ್ಟಿತ್ತು.

"ಹೆಣ್ಣು," ಎಂದರು ಅತ್ತೆ ಹೊರಗೆ. ಆ ಕಡೆಯವರು ಏನೋ ಅಂದಿರಬೇಕು. ಆಮೇಲೆ ವಾರ್ಡಿಗೆಲ್ಲ ಕೇಳುವಂತೆ, "ಹೂಂ ಮತ್ತ! ಕಣ್ಣು ತಕ್ಕೊಂಡ ಹುಟ್ಯಾಳ, ಅಕ್ಕನಂಗ" ಎಂದರು.

ಮಗಳು ಓಡಿಬಂದು ತೊಟ್ಟಿಲೊಳಗೆ ಇಣುಕಿದಳು. ಕೂಸು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಮಲಗಿತ್ತು.