ಕೊರಮೀನಿನ ಮರಿಗಳ ಬಗ್ಗೆ ನಾನು ಹೇಳಿದ್ದರ ಕುರಿತು

ಮಾನ್ಯ ಓದುಗರಲ್ಲಿ ಮೊದಲಿಗೆ ಕ್ಷಮೆ ಕೋರುತ್ತೇನೆ. ಕಚೇರಿಯಲ್ಲಿ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಬೆರಳಚ್ಚು ಮಾಡಿ ಮಾಡಿ ನನ್ನ ಕೈಬರಹ ಕೆಟ್ಟಿದೆ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಶಾಲೆಯ ದಿನಗಳಿಂದಲೂ ಎಡವುತ್ತೇನೆ. ಪತ್ರ, ಟಿಪ್ಪಣಿಗಳ ಹೊರತು ಬೇರೇನನ್ನೂ ಬರೆದವಳಲ್ಲವಾದ್ದರಿಂದ ಇದೂ ಅದೇ ಧಾಟಿಯಲ್ಲಿ ಬಂದಿದ್ದರೆ ಮನ್ನಿಸಬೇಕು.

ಕಚೇರಿಯ ಪತ್ರದಲ್ಲಿ ಕೋರಿಕೆ ಕೊನೆಯ ಪ್ಯಾರಾದಲ್ಲಿ ಬರುವುದು ರೂಢಿ. ಇಲ್ಲಿ ಅದನ್ನು ಮೊದಲೇ ಬರೆಯುತ್ತಿದ್ದೇನೆ: ಕೆರೆಯಲ್ಲಿ ಮರಿಗಳನ್ನು ಕಾಯುತ್ತಿರುವ ಕೊರಮೀನನ್ನು ದಯವಿಟ್ಟು ಹಿಡಿಯಬೇಡಿ. ಕ್ರಮ ತಪ್ಪಿಸಿದ್ದಕ್ಕೆ ಕಾರಣವನ್ನು ಕೆಳಗೆ ವಿವರಿಸಿದ್ದೇನೆ.

ನಾನು ಶಿಡ್ಲಘಟ್ಟದ ಒಂದು ಕಚೇರಿಯಲ್ಲಿ ಗುಮಾಸ್ತೆ. ಪದವಿಗೆ ಓದಿದ್ದು ಪ್ರಾಣಿಶಾಸ್ತ್ರ. ಆ ಓದು ಕಡತಗಳ ನಡುವೆ ಎಂದೂ ಉಪಯೋಗಕ್ಕೆ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಊರಾಚೆಯ ಕೆರೆ ಏರಿಯ ಮೇಲೆ ನಡೆಯಲು ಹೋಗುತ್ತಿದ್ದೆ. ಅಲ್ಲಿ ಗಾಳ ಹಾಕಿ ಕುಳಿತವರ ಪೈಕಿ ಒಬ್ಬರ ಮೀನಿನಿಂದ ಒಂದು ಹುರುಪೆ ತೆಗೆದು, ಬಿಸಿಲಿಗೆ ಹಿಡಿದು, ಅದರೊಳಗಿನ ಉಂಗುರಗಳನ್ನು ತೋರಿಸಿ ಮೀನಿನ ವಯಸ್ಸನ್ನು ಅಂದಾಜು ಮಾಡುವುದು ಹೇಗೆಂದು ವಿವರಿಸಿದೆ. ಮುಂದಿನ ವಾರ ಅವರು ಇನ್ನಿಬ್ಬರನ್ನು ಕರೆತಂದರು. ಅದರ ಮುಂದಿನ ವಾರ ಶಾಲೆ, ಕಾಲೇಜಿನ ಮಕ್ಕಳೂ ಬಂದು ಕುಳಿತರು.

ಹುರುಪೆ ಕೊಟ್ಟ ಆ ಹಿರಿಯರು ರೇಷ್ಮೆ ನೂಲು ಬಿಚ್ಚುವ ಘಟಕದ ಕೆಲಸಗಾರರು. ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುವ ಬೆಂದ ಹುಳುವನ್ನು ಡಬ್ಬಿಯಲ್ಲಿ ತಂದು ಗಾಳಕ್ಕೆ ಚುಚ್ಚುತ್ತಿದ್ದರು. ಅದರ ವಾಸನೆಗೆ ನಾನು ಸೆರಗನ್ನು ಮೂಗಿಗೆ ತಂದರೆ ಅವರಿಗೆ ನಗು.

"ಮೀನು ಬಾಯಿಗಿಡದೋರು ಮೀನಿನ ಹೊಟ್ಟೆ ವಿಷ್ಯ ಎಲ್ಲಾ ಹೇಳ್ತೀರಲ್ಲ ಮೇಡಮ್ಮೋರೆ, ಮನೇಲಿ ಗೊತ್ತಾ?"

"ಗೊತ್ತು. ಸ್ನಾನ ಮಾಡ್ಕೊಂಡು ಒಳಗೆ ಬಾ ಅಂತಾರೆ" ಎಂದೆ. ಮಕ್ಕಳೂ ನಕ್ಕರು. ಕಚೇರಿಯಲ್ಲಿ ನನ್ನ ಮಾತಿಗೆ ಯಾರೂ ಹಾಗೆ ನಕ್ಕಿದ್ದಿಲ್ಲ.

ಕಳೆದ ವರ್ಷದ ಮಳೆಗಾಲದಲ್ಲಿ ತೂಬಿನ ಬಳಿ, ಜೊಂಡಿನ ಪಕ್ಕ, ನೀರಿನ ಮೇಲೆ ಮೊರದಗಲದಷ್ಟು ಕೆಂಪು ಕಾಣಿಸಿತು. ಅದು ಒಂದೇ ಸಮನೆ ಮಿಡುಕುತ್ತಿತ್ತು. ನಾನು ಎಲ್ಲರನ್ನೂ ಕರೆದು ತೋರಿಸಿದೆ. ಇವು ಕೊರಮೀನಿನ ಮರಿಗಳು, ಗಾಳಿ ಕುಡಿಯಲು ಮೇಲೆ ಬರುತ್ತಿವೆ, ಹೆತ್ತ ಮೀನುಗಳು ಕೆಳಗೇ ಕಾವಲಿವೆ, ಮರಿಗಳ ನಡುವೆ ಏನು ಬಿದ್ದರೂ ಬಾಯಿ ಹಾಕುತ್ತವೆ, ಅದು ಹಸಿವಿನಿಂದಲ್ಲ, ಓಡಿಸುವುದಕ್ಕೆ ಎಂದು ಹೇಳಿದೆ. ಆಮೇಲೆ ಮೊಟ್ಟೆಯ ವಿಷಯ, ಗೂಡಿನ ವಿಷಯ, ಉಸಿರಾಟದ ವಿಷಯ. ಎಲ್ಲ ಮುಗಿದ ಮೇಲೆ, ಕಚೇರಿಯ ಪತ್ರ ಮುಗಿಸುವ ಹಾಗೆಯೇ, ಆದಕಾರಣ ಮರಿಗಳು ದೊಡ್ಡವಾಗುವವರೆಗೆ ಇವನ್ನು ಹಿಡಿಯಬಾರದೆಂದು ಕೋರಿದೆ. ಅಷ್ಟು ಹೊತ್ತಿಗೆ ಅರ್ಧ ಜನ ತಮ್ಮ ತಮ್ಮ ಗಾಳದ ಬಳಿ ಹೋಗಿದ್ದರು.

ಮುಂದಿನ ಭಾನುವಾರ ಆ ಹಿರಿಯರು ನನ್ನನ್ನು ಕಂಡ ಕೂಡಲೇ ಎದ್ದು ಬಂದರು. ಕೈಯಲ್ಲಿ ಹುರಿಗೆ ಪೋಣಿಸಿದ ಎರಡು ದೊಡ್ಡ ಕೊರಮೀನುಗಳಿದ್ದವು.

"ಮೇಡಮ್ಮೋರೆ, ನೀವು ಹೇಳಿದ್ದು ನೂರಕ್ಕೆ ನೂರು! ಗಾಳಕ್ಕೆ ರಬ್ಬರ್ ಕಪ್ಪೆ ಕಟ್ಟಿ ಆ ಕೆಂಪಿನ ಮಧ್ಯಕ್ಕೇ ಎಸೆದೆ ನೋಡಿ, ಎರಡ್ನೇ ಸಲಕ್ಕೇ ಟಪ್ ಅಂತ ಹೊಡೀತು. ಹಿಂದೇನೇ ಅದರ ಜೋಡೀನೂ ಬಂತು."

"ಹಿಡೀಬೇಡಿ ಅಂತ ಹೇಳಿದ್ನಲ್ಲಪ್ಪ."

"ಯಾವಾಗ ಹೇಳಿದ್ರಿ?" ಅವರ ಮುಖದಲ್ಲಿ ಕಪಟವಿರಲಿಲ್ಲ. ನನ್ನ ಮಾತನ್ನು ಫೋನಿನಲ್ಲಿ ಹಿಡಿದಿದ್ದ ಪಿಯುಸಿ ಹುಡುಗನ ಕಡೆ ತಿರುಗಿ, "ಏನೋ, ನಿನ್ನ ವಿಡಿಯೋದಾಗೆ ಐತೇನೋ ಅದು?" ಎಂದರು.

"ಇಲ್ಲ ಮಾಮ. ಸ್ಟೇಟಸ್‌ಗೆ ಅಷ್ಟೇ ಹಿಡಿಯೋದು. ಮೇಡಂ ಮಾತು ಉದ್ದ."

ಆ ತುಣುಕು ಚಿಂತಾಮಣಿ, ಗೌರಿಬಿದನೂರುಗಳವರೆಗೆ ಹೋಗಿತ್ತು. ನಂತರದ ಭಾನುವಾರಗಳಲ್ಲಿ ಅಪರಿಚಿತರು ಬೈಕುಗಳಲ್ಲಿ ಬರತೊಡಗಿದರು. ತೊಂಡೇಬಾವಿಯಿಂದ ಬಂದ ಒಬ್ಬರು ನನಗೆ ಕೈಮುಗಿದು, "ಟೀಚರಮ್ಮ, ನಿಮ್ಮಿಂದ ನಮ್ಮೂರ ಕೆರೇಲೂ ಎರಡು ಸಿಕ್ತು" ಎಂದರು. ನಾನೂ ಕೈಮುಗಿದೆ.

ಕಾವಲಿಲ್ಲದ ಮರಿಗಳನ್ನು ತಿನ್ನಲು ಸುತ್ತ ಜಿಲೇಬಿ ಮೀನುಗಳು ಸೇರಿದವು. ಮೊರದಗಲದ ಕೆಂಪು ತಟ್ಟೆಯಗಲವಾಯಿತು, ಆಮೇಲೆ ಅಂಗೈಯಗಲ. ಮೂರನೆಯ ಭಾನುವಾರ ಅಲ್ಲಿ ಬರೀ ನೀರಿತ್ತು.

ಅಂದಿನಿಂದ ಕೋರಿಕೆಯನ್ನು ಮೊದಲು ಹೇಳಿ ನೋಡಿದೆ. "ಆಯ್ತು ಮೇಡಂ" ಎನ್ನುತ್ತಿದ್ದರು. ಕಣ್ಣು ಮಾತ್ರ ನೀರಿನ ಮೇಲೆ ಕೆಂಪನ್ನು ಹುಡುಕುತ್ತಿತ್ತು. ಆ ಹಿರಿಯರು ಒಮ್ಮೆ ತಲೆ ತಗ್ಗಿಸಿ, "ಗೊತ್ತಿಲ್ದಾಗ ಸುಮ್ನೆ ಇದ್ದೆ. ಈಗ ಗೊತ್ತಾಗೋಯ್ತಲ್ಲ ಮೇಡಮ್ಮೋರೆ, ಕೈ ನಿಲ್ಲಲ್ಲ" ಎಂದರು. ಅವರ ಮೇಲೆ ಕೋಪಿಸಿಕೊಳ್ಳಲು ನನಗಾಗಲಿಲ್ಲ. ಹೇಳಿಕೊಟ್ಟವಳು ನಾನೇ.

ಈ ವರ್ಷ ಮಳೆ ಬಿದ್ದ ಮೇಲೆ ಅದೇ ಕೆರೆಯಲ್ಲಿ, ಹಳಬರು ಗಾಳ ಹಾಕಲು ಬಾರದ ಇನ್ನೊಂದು ಮೂಲೆಯಲ್ಲಿ, ಮತ್ತೆ ಕೆಂಪು ಕಂಡಿತು. ಈ ವರ್ಷವಷ್ಟೇ ಬರತೊಡಗಿದ್ದ ಏಳನೆಯ ತರಗತಿಯ ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದು ನನ್ನ ಪಕ್ಕದಲ್ಲಿದ್ದಳು. ಮೀನಿನ ರೆಕ್ಕೆಗಳ ಚಿತ್ರ ಬರೆಯುವುದು ಅವಳಿಗೆ ಇಷ್ಟ. ಸ್ವಲ್ಪ ದೂರದಲ್ಲಿ, ಈ ಕಡೆ ಹೊಸಬರಾದ ಇಬ್ಬರು ಗಾಳ ಬಿಚ್ಚುತ್ತಿದ್ದರು.

"ಮೇಡಂ, ಅಲ್ಲಿ ಕೆಂಪಗಿದೆಯಲ್ಲ, ಏನದು?"

ಆ ಇಬ್ಬರೂ ನಮ್ಮ ಕಡೆ ತಿರುಗಿದರು.

"ಪಾಚಿ ಕಣಮ್ಮ" ಎಂದೆ.

"ಪಾಚಿ ಹಸಿರಲ್ವಾ?"

"ಕೆಂಪೂ ಇರತ್ತೆ."

ಅವಳು ಬರೆದುಕೊಂಡಳು. ಆ ಇಬ್ಬರು ಎದ್ದು ಬೇರೆ ಕಡೆ ಹೋದರು. ಮುಂದಿನ ವಾರ ಯಾರೋ ಹೊಸಬರು ಕೇಳಿದ್ದಕ್ಕೆ ಅವಳೇ, "ಅದು ಕೆಂಪು ಪಾಚಿ ಅಣ್ಣ, ಮೇಡಂ ಹೇಳಿದ್ರು" ಎಂದು ನೋಟ್‌ಬುಕ್ ತೆರೆದು ತೋರಿಸಿದಳು. ಅವರೂ ನಂಬಿದರು. ವಾರಗಳು ಕಳೆದಂತೆ ಮರಿಗಳ ಕೆಂಪು ಇಳಿದು ಕಪ್ಪಾಯಿತು. ಬೆಳೆದವು ಜೊಂಡಿನೊಳಗೆ ಚದುರಿದವು.

ಮೀನುಗಳು ಉಳಿದವು. ಆದರೆ ನಾನು ಓದಿದ ಶಾಸ್ತ್ರವನ್ನು ನಂಬಿ ಕೇಳಿದ ಒಂದೇ ಒಂದು ಮಗುವಿಗೆ ಸುಳ್ಳು ಹೇಳಿದ್ದೇನೆ. ನಿಜ ಹೇಳಿದರೆ ಮುಂದಿನ ಮಳೆಗೆ ಏನಾಗುವುದೋ ಎಂಬ ಭಯದಿಂದ ನಾಲ್ಕು ಭಾನುವಾರಗಳಿಂದ ಏರಿಯ ಕಡೆ ಹೋಗಿಲ್ಲ. ಈ ಬರಹದ ಮೊದಲ ಪ್ರತಿಯನ್ನು ಅವಳಿಗೇ ಕೊಡಬೇಕೆಂದಿದ್ದೇನೆ. ಎಲ್ಲಿ ಕತ್ತರಿಸಿದರೂ ಕೋರಿಕೆ ಉಳಿಯಲೆಂದೇ ಅದನ್ನು ಮೇಲೆ ಇಟ್ಟಿದ್ದೇನೆ.

ಇದರಲ್ಲಿ ಕಾಣುವ ತಪ್ಪುಗಳನ್ನು ಓದುಗರು ಕೆಂಪು ಶಾಯಿಯಲ್ಲಿ ಗುರುತು ಮಾಡಿ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ. ಅವಳ ನೋಟ್‌ಬುಕ್ಕಿನಲ್ಲಿರುವ ತಪ್ಪನ್ನು ನಾನೇ ಹೋಗಿ ತಿದ್ದಬೇಕಾಗಿದೆ.